ಸ್ಟ್ರಾಂಗ್ ಬಿಯರಿಗೆ ಯಾಕಿಷ್ಟು ಆತುರ?

ನಮ್ಮ ಕಡೆ ‘ಸ್ಟ್ರಾಂಗ್’ ಅಂದರೆ ಬೇಗ ಏರಬೇಕು, ಅಷ್ಟೇ. ಬಾಟಲಿ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರಬೇಕು, ತಣ್ಣಗಿರುವಾಗಲೇ ಖಾಲಿಯಾಗಬೇಕು. ಲಂಡನ್ನಿಗೆ ಬಂದು ಹತ್ತು ವರ್ಷವಾದರೂ ನನಗೆ ಆ ಆತುರ ಬಿಟ್ಟಿರಲಿಲ್ಲ. ಕಳೆದ ಚಳಿಗಾಲದಲ್ಲಿ ಪಕ್ಕದ ಮನೆಯ ಹಿರಿಯರು 2009ರ ಫುಲ್ಲರ್ಸ್ ವಿಂಟೇಜ್ ಏಲ್ (ವರ್ಷಗಟ್ಟಲೆ ಇಟ್ಟು ಕುಡಿಯಬಹುದಾದ ಗಟ್ಟಿ ಇಂಗ್ಲಿಷ್ ಬಿಯರ್) ತೆಗೆದಾಗ ನನ್ನ ಬಾಯಿಂದ ಬಂದ ಮೊದಲ ಮಾತು, ‘ಫ್ರಿಜ್‌ನಲ್ಲಿ ಇಟ್ಟಿರಲಿಲ್ವಾ?’

ಅರ್ಧ ಲೀಟರಿನ ಆ ಒಂದೇ ಬಾಟಲಿಗೆ ನಾವು ನಾಲ್ಕು ಜನ. ಊರಲ್ಲಾದರೆ ಕರೆದು ಅವಮಾನ ಮಾಡಿದ ಹಾಗೆ! ಮೆಟ್ಟಿಲ ಕೆಳಗಿನ ಕತ್ತಲಲ್ಲಿ ನೆಟ್ಟಗೆ ನಿಂತಿದ್ದ ಬಾಟಲಿಯನ್ನು ಅಲುಗಿಸದೆ ತಂದು, ತಳದ ಗಷ್ಟು ಕದಡದಂತೆ ಚಿಕ್ಕ ಗ್ಲಾಸುಗಳಿಗೆ ಬಗ್ಗಿಸಿದರು. ನೊರೆ ಹೆಸರಿಗಷ್ಟೇ. ಮೂಗಿಗೆ ಮೊದಲು ಸಿಕ್ಕಿದ್ದು ಒಣದ್ರಾಕ್ಷಿ, ಆಮೇಲೆ ಕಿತ್ತಳೆ ಸಿಪ್ಪೆ. ನಾಲಿಗೆಯ ಮೇಲೆ ಸುಟ್ಟ ಸಕ್ಕರೆ, ಶೆರ್ರಿ ಎಂಬ ಸ್ಪ್ಯಾನಿಷ್ ವೈನಿನ ಛಾಯೆ, ಕೊನೆಯಲ್ಲಿ ಎಲ್ಲೋ ದೂರದಲ್ಲಿ ಕಹಿ. ಗ್ಲಾಸು ಕೈಯಲ್ಲಿ ಬೆಚ್ಚಗಾದಷ್ಟೂ ಹೊಸ ಹೊಸ ವಾಸನೆ ಏಳುತ್ತಿತ್ತು. ಅರ್ಧ ಗಂಟೆ ಕಳೆದರೂ ನನ್ನ ಪಾಲು ಮುಗಿದಿರಲಿಲ್ಲ.

ಇದರ ಬಲ, ಅಂದರೆ ಆಲ್ಕೋಹಾಲ್, 8.5%. ಆದರೆ ಆ ಬಲ ಇರುವುದು ಏರಿಸುವುದಕ್ಕಲ್ಲ, ಉಳಿಸುವುದಕ್ಕೆ. ಬಾಟಲಿಯೊಳಗೆ ಜೀವಂತ ಯೀಸ್ಟ್ ಇರುತ್ತದೆ. ವರ್ಷ ಕಳೆದಂತೆ ಬಿಯರಿಗೆ ಹಾಕುವ ಹಾಪ್ಸ್ ಹೂವಿನ ಕಹಿ ಮೆತ್ತಗಾಗುತ್ತದೆ, ಮುಚ್ಚಳದ ಸಂದಿನಲ್ಲಿ ನುಸುಳುವ ಆಮ್ಲಜನಕ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ಸಿಹಿಯನ್ನು ಬೇರೆ ದಿಕ್ಕಿಗೆ ತಿರುಗಿಸುತ್ತದೆ. ತೆಳು ಬಿಯರಿನಲ್ಲಿ ಒದ್ದೆ ರಟ್ಟಿನ ವಾಸನೆ ಹುಟ್ಟಿಸುವುದೂ ಇದೇ ಆಮ್ಲಜನಕ. ಗಟ್ಟಿ ಏಲ್ ಮಾತ್ರ ಅದನ್ನು ಅರಗಿಸಿಕೊಳ್ಳುತ್ತದೆ.

ಇಂಗ್ಲೆಂಡಿನವರಿಗೆ ಇದು ಹಳೆಯ ಚಾಳಿ. ಸಿರಿವಂತರ ಬಂಗಲೆಗಳಲ್ಲಿ ಮಗ ಹುಟ್ಟಿದಾಗ ಏಲ್ ಕುದಿಸಿ ಪೀಪಾಯಿಗೆ ತುಂಬಿಟ್ಟು, ಅವನಿಗೆ 21 ತುಂಬಿದಾಗ ತೆರೆಯುತ್ತಿದ್ದರು. ಡಾರ್ಚೆಸ್ಟರ್‌ನಲ್ಲಿ 1968ರಲ್ಲಿ ಮೊದಲು ತಯಾರಾದ ಥಾಮಸ್ ಹಾರ್ಡೀಸ್ ಏಲ್ 25 ವರ್ಷ ಇಟ್ಟರೂ ಕೆಡದು ಎಂಬ ಭರವಸೆಯೊಂದಿಗೇ ಬಂತು. ಇನ್ನೊಂದು ತಮಾಷೆ: ಹಳೆಯ ಇಂಗ್ಲಿಷ್ ಏಲ್‌ಗೆ ಆ ವಿಶಿಷ್ಟ ರುಚಿ ಕೊಡುತ್ತಿದ್ದ ಯೀಸ್ಟನ್ನು ಪತ್ತೆ ಹಚ್ಚಿದ್ದು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಕ್ಲಾಸೆನ್, 1904ರಲ್ಲಿ. ಅವನಿಟ್ಟ ಹೆಸರು ಬ್ರೆಟನೊಮೈಸಿಸ್, ಅಂದರೆ ಬ್ರಿಟಿಷ್ ಶಿಲೀಂಧ್ರ!

ಹಾಗಂತ ಇಲ್ಲಿಯವರೆಲ್ಲ ತಪಸ್ವಿಗಳಲ್ಲ. ಶುಕ್ರವಾರ ಸಂಜೆ ಯಾವ ಪಬ್ಬಿಗೆ ಹೋದರೂ ಪಿಂಟ್ ಮೇಲೆ ಪಿಂಟ್ ಲಾಗರ್, ಅಂದರೆ ತಣ್ಣಗೆ ಕುಡಿಯುವ ತಿಳಿ ಬಿಯರ್, ಇಳಿಯುತ್ತಿರುತ್ತದೆ, ನಮ್ಮವರೇ ವಾಸಿ ಅನ್ನಿಸುವಷ್ಟು. ಹಳೆಯದೆಲ್ಲ ಒಳ್ಳೆಯದು ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ಅಡುಗೆಮನೆಯ ಹೀಟರ್ ಪಕ್ಕ ನಾಲ್ಕು ವರ್ಷ ಇಟ್ಟು ನಾನೇ ಒಂದು ಬಾಟಲಿ ಹಾಳುಮಾಡಿದ್ದೇನೆ, ಸೋಯಾ ಸಾಸಿನಂತಾಗಿತ್ತು. ನನ್ನ ನಾಲಿಗೆಗೆ ಐದಾರು ವರ್ಷದ್ದೇ ಹಿತ. ಕಹಿಗೆ ಇನ್ನೂ ಒಂದಿಷ್ಟು ಧೈರ್ಯ ಉಳಿದಿರುತ್ತದೆ.

ಈಗ ನಮ್ಮ ಮನೆಯ ಮೆಟ್ಟಿಲ ಕೆಳಗೂ ಎರಡು ಬಾಟಲಿ ನಿಂತಿವೆ. ಹೋದ ವಾರ ಊರಿಂದ ಬಂದ ಗೆಳೆಯನ ಕಣ್ಣಿಗೆ ಬಿದ್ದವು.

‘ಅದಕ್ಕೆ ಇನ್ನೂ ಆರು ವರ್ಷ ಇದೆ ಮಾರಾಯ,’ ಅಂದೆ.

‘ಆಯ್ತು, ಅಲ್ಲೀತನಕ ಕುಡಿಯೋಕೆ ಫ್ರಿಜ್‌ನಲ್ಲಿ ಏನಿದೆ?’ ಅಂದ.