ಕಟ್ಟಡ ತಾನೇ ಅನ್ನಬೇಡಿ ಮಾರಾಯ್ರೆ

ಇವತ್ತು ಮತ್ತೊಬ್ಬರು ಅದನ್ನೇ ಹೇಳಿದರು. ನಮ್ಮ ಚರ್ಚಿನ ಆರಾಧನೆಯಲ್ಲಿ ಪ್ರಸಂಗ ಹೇಳಲು ಹೊರಗಿನಿಂದ ಬಂದ ಅತಿಥಿ. "ಸುಟ್ಟದ್ದು ಬರೀ ಕಟ್ಟಡ, ಸಭೆ ಅಂದ್ರೆ ನೀವು." ಮುಂದಿನ ಸಾಲಿನವರು ಆಮೆನ್ ಅಂದರು. ನನಗೆ ಎದ್ದು ಹೋಗಿ ಮೈಕಿನ ವೈರ್ ಕೀಳೋಣ ಅನ್ನಿಸಿತು.

ಮಾರ್ಚ್‌ನಲ್ಲಿ ನಮ್ಮ ಚರ್ಚ್ ಸುಟ್ಟುಹೋದಾಗಿನಿಂದ ಇದನ್ನು ಕೇಳಿ ಕೇಳಿ ಸಾಕಾಗಿದೆ. ಗುಲಾಬಿ ಹೂವಿನ ಚಿತ್ರದ ಮೇಲೆ ಬರೆದು ವಾಟ್ಸಾಪ್‌ನಲ್ಲಿ ಕಳಿಸಿದವರೇ ಹನ್ನೊಂದು ಜನ. ಹೌದು, ಎಣಿಸಿದ್ದೇನೆ.

ಉಡುಪಿ ಕಡೆಯ ಹಳೇ ಹಂಚಿನ ಮಾಡು ನೋಡಿದವರಿಗೆ ಗೊತ್ತು. ಹಂಚಿಗೆ ಬೆಂಕಿ ಹಿಡಿಯುವುದಿಲ್ಲ, ಅದರ ಅಡಿಯ ಮರದ ಪಕ್ಕಾಸು, ರೀಪಿಗೆ ಹಿಡಿಯುತ್ತದೆ. ಮುಚ್ಚಿಗೆಗೂ ಹಂಚಿಗೂ ನಡುವೆ ತಲೆಮಾರುಗಳಿಂದ ಒಣಗಿದ ಮರ, ಇಲಿ ಗೂಡು, ಅದರ ಮಧ್ಯೆ ಯಾವ ಕಾಲದಲ್ಲೋ ಎಳೆದ ವೈರು. ಕೆಳಗೆ ಕೂತವನಿಗೆ ಏನೂ ಕಾಣುವುದಿಲ್ಲ. ನಾವು ಓಡಿ ಬರುವಷ್ಟರಲ್ಲಿ ಹಂಚುಗಳು ಮಾಲೆಪಟಾಕಿ ಹಾಗೆ ಸಿಡಿಯುತ್ತಿದ್ದವು. ಫೈರ್ ಇಂಜಿನ್ ಓಣಿಯ ಬಾಯಲ್ಲೇ ನಿಂತಿತು, ಒಳಗೆ ತಿರುಗಲಿಲ್ಲ. ಬೆಳಗಾಗುವಾಗ ಮುರಕಲ್ಲಿನ ನಾಲ್ಕು ಗೋಡೆ ಉಳಿದಿತ್ತು, ಅಷ್ಟೆ. ಈಗ ಮಳೆ ಬರುವ ಮೊದಲು ಅದರ ಮೇಲೆ ಟಾರ್ಪಾಲು ಕಟ್ಟಬೇಕು, ಇಲ್ಲದಿದ್ದರೆ ಜೂನ್‌ನಲ್ಲಿ ಅದೂ ಕೂತುಬಿಡುತ್ತದೆ.

ಗೋಡೆ ಅಲ್ಲ, ಜನ ಮುಖ್ಯ ಅಂತೀರಲ್ಲ. ನಮ್ಮ ಹಿರಿಯರ ಕಥೆ ಗೊತ್ತಾ? ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನ ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಕ್ರೈಸ್ತ ಸಭೆ ಸೇರಿದವರನ್ನು ಅವರವರ ಜಾತಿಯವರು ಹೊರಗಿಟ್ಟರು, ಕೆಲಸವೂ ಹೋಯಿತು, ಊಟವೂ ಹೋಯಿತು. 1865ರಲ್ಲಿ ನೇತ್ರಾವತಿ ಬದಿಯಲ್ಲಿ ಮಿಷನ್‌ನ ಹಂಚಿನ ಕಾರ್ಖಾನೆ ಶುರುವಾಯಿತು ನೋಡಿ, ಅಂಥವರಲ್ಲಿ ಎಷ್ಟೋ ಮನೆಯ ಒಲೆ ಉರಿದದ್ದು ಆ ಹಂಚಿನಿಂದ. ನನ್ನ ಅಜ್ಜನ ಅಪ್ಪನೂ ಅಲ್ಲಿ ಮಣ್ಣು ತುಳಿದವರೇ. ನಮ್ಮ ಮಟ್ಟಿಗೆ ಹಂಚು ಬೇರೆ, ಸಭೆ ಬೇರೆ ಅಂತ ಹೇಗೆ ಹೇಳಲಿ? ಬೂದಿಯಲ್ಲಿ ಸಿಕ್ಕಿದ ಒಂದು ತುಂಡು ನನ್ನ ಮೇಜಿನ ಮೇಲಿದೆ, ಅಚ್ಚಿನ ಮೂರು ಅಕ್ಷರ ಉಳಿದಿದೆ. ಹೆಂಡತಿ ದಿನಾ ಅದನ್ನು ಎತ್ತಿ, ಒರೆಸಿ, ಅಲ್ಲೇ ಇಡುತ್ತಾಳೆ. ಏನೂ ಹೇಳುವುದಿಲ್ಲ.

2019ರ ಏಪ್ರಿಲ್ 15ರಂದು ಪ್ಯಾರಿಸ್‌ನ ನೋತ್ರ್ ದಾಮ್ ಚರ್ಚಿನ ಮಾಡಿಗೆ ಬೆಂಕಿ ಬಿದ್ದಾಗ ಜನ ರಸ್ತೆಯಲ್ಲಿ ಮೊಣಕಾಲೂರಿ ಹಾಡಿದರು. ಲೋಕವೇ ಕಣ್ಣೀರು ಹಾಕಿತು, ರಾಶಿ ರಾಶಿ ದುಡ್ಡು ಬಂತು, ಓಕ್ ಮರ ತಂದು ಮೊದಲಿನ ಹಾಗೇ ಮಾಡು ಏರಿಸಿ 2024ರ ಡಿಸೆಂಬರ್‌ನಲ್ಲಿ ಬಾಗಿಲು ತೆರೆದರು. ಅವರಿಗೆ ಯಾರಾದರೂ ಗುಲಾಬಿ ಹೂ ಕಳಿಸಿದರಾ? ಪ್ಯಾರಿಸ್‌ನದ್ದು ಪರಂಪರೆ, ನಮ್ಮದು ಬರೀ ಕಟ್ಟಡ. ಆಯ್ತು ಬಿಡಿ.

ಬೈಬಲ್ ವಾಕ್ಯ ಹೇಳಿ ಬಾಯಿ ಮುಚ್ಚಿಸಲು ಬರುವವರಿದ್ದಾರೆ. ಇಬ್ಬರು ಮೂವರು ಸೇರಿದಲ್ಲಿ ಕರ್ತನಿದ್ದಾನೆ, ಗೊತ್ತು, ಸಂಡೆ ಸ್ಕೂಲಿನಲ್ಲಿ ಬಾಯಿಪಾಠ ಮಾಡಿ ಪೆನ್ಸಿಲ್ ಗೆದ್ದವನು ನಾನು. ಆದರೆ ಎಜ್ರನ ಮೂರನೇ ಅಧ್ಯಾಯವನ್ನೂ ಸ್ವಲ್ಪ ಓದಿ. ಯೆರೂಸಲೇಮಿನ ಸುಟ್ಟ ದೇವಾಲಯಕ್ಕೆ ಮತ್ತೆ ಅಸ್ತಿವಾರ ಹಾಕಿದ ದಿನ, ಹಳೆಯದನ್ನು ಕಂಡಿದ್ದ ಮುದುಕರು ಜೋರಾಗಿ ಅತ್ತರಂತೆ, ಅಳು ಯಾವುದು, ಸಂತೋಷದ ಕೂಗು ಯಾವುದು ಅಂತ ತಿಳಿಯಲಿಲ್ಲವಂತೆ. ಅವರಿಗೆ ಯಾರೂ ಬುದ್ಧಿ ಹೇಳಲಿಲ್ಲ.

ಇನ್ನೊಂದು ನೋಡಿ. ಈಗ ಆರಾಧನೆ ನಡೆಯುವುದು ಶಾಲೆಯ ಹಾಲಿನಲ್ಲಿ, ಬಾಡಿಗೆಯ ನೀಲಿ ಪ್ಲಾಸ್ಟಿಕ್ ಕುರ್ಚಿ. ಎಲ್ಲಿ ಬೇಕಾದರೂ ಕೂರಬಹುದು. ಆದರೂ ಎಲ್ಲರೂ ಸುಟ್ಟುಹೋದ ಬೆಂಚಿನ ಲೆಕ್ಕದಲ್ಲೇ ಕೂರುತ್ತಾರೆ! ಎಡಗಡೆ ಮೂರನೇ ಸಾಲಿನ ತುದಿ ನಮ್ಮ ದೊಡ್ಡಮ್ಮನದ್ದು. ಹೋದ ವಾರ ಯಾರೋ ಹುಡುಗ ಅಲ್ಲಿ ಕೂತಿದ್ದ. ದೊಡ್ಡಮ್ಮ ಸಂಗೀತ ಪುಸ್ತಕ ಹಿಡಿದು ಪಕ್ಕದಲ್ಲಿ ನಿಂತೇ ಇದ್ದರು, ಅವನು ಏಳುವವರೆಗೆ. ಅಲ್ಲಿಂದ ಎಡಕ್ಕೆ ನೋಡಿದರೆ ಮೊದಲು ಕಿಟಕಿ ಇತ್ತು, ಗಾಳಿ ಬರುತ್ತಿತ್ತು. ಈಗ ಗುಣಾಕಾರದ ಚಾರ್ಟ್ ಇದೆ.

ಸರಿ, ಇಷ್ಟು ಸಿಟ್ಟು ಯಾಕೆ ಅಂತ ಕೇಳುತ್ತೀರಿ. ಹೇಳಿಯೇಬಿಡುತ್ತೇನೆ.

ಎರಡು ವರ್ಷದ ಹಿಂದೆ ಕಮಿಟಿಯಲ್ಲಿ ವೈರಿಂಗ್ ಬದಲಿಸುವ ಮಾತು ಬಂದಿತ್ತು. ಕೊಟೇಶನ್ ಕೂಡ ತರಿಸಿದ್ದೆವು. ದುಡ್ಡು ಒಂದೇ ಕೆಲಸಕ್ಕೆ ಆಗುವಷ್ಟಿತ್ತು. ಬೆಳೆ ಹಬ್ಬಕ್ಕೆ ಬಿಷಪರು ಬರುತ್ತಾರೆ, ಈ ವರ್ಷ ಪೈಂಟ್ ಮಾಡಿಸೋಣ, ವೈರಿಂಗ್ ಮುಂದಿನ ವರ್ಷ ಅಂದವನು ನಾನು. ಕೈ ಎತ್ತಿದವರು ಇನ್ನೂ ಆರು ಜನ ಇದ್ದರು, ಆದರೆ ಮೊದಲು ಬಾಯಿ ತೆರೆದವನು ನಾನೇ. ಕೆನೆ ಬಣ್ಣ. ಚೆನ್ನಾಗಿತ್ತು.

ಹಾಗಾಗಿ "ಕಟ್ಟಡ ತಾನೇ" ಅಂದಾಗಲೆಲ್ಲ ನನ್ನನ್ನು ಸುಮ್ನೆ ಬಿಟ್ಟುಬಿಟ್ಟ ಹಾಗೆ ಆಗುತ್ತದೆ. ಅದು ನನಗೆ ಬೇಡ. ಯಾರಾದರೂ ಒಬ್ಬರು ಬಂದು ಬೈದರೆ ವಾಸಿ.

ಇವತ್ತು ಪ್ರಸಂಗ ಮುಗಿಯುವವರೆಗೂ ನಾನು ಹಿಂದೆ ಸ್ವಿಚ್‌ಬೋರ್ಡ್ ಹತ್ತಿರ ನಿಂತಿದ್ದೆ, ಬಿಸಿ ಆಗ್ತಿದೆಯಾ ಅಂತ ಆಗಾಗ ಅಂಗೈ ಇಟ್ಟು ನೋಡುತ್ತಾ. ಒಂದು ಸಲ ಹೆದರಿಕೆಯಾಗಿ ಎರಡು ಫ್ಯಾನ್ ಆಫ್ ಮಾಡಿದೆ. ಎಡಗಡೆ ಮೂರನೇ ಸಾಲಿನಿಂದ ದೊಡ್ಡಮ್ಮ ತಿರುಗಿ ನೋಡಿ, "ಸೆಕೆ ಆಗ್ತದೆ ಮಗಾ, ಹಾಕು" ಅಂದರು.