ಇಂಜಿನ್ ಬದಲಿಸಿದ್ದೇ ತಪ್ಪಾ?

ಈಗಷ್ಟೇ ಒಬ್ಬರು ನನ್ನ ಎಂಜಿಬಿ ಕಾರನ್ನು ಕೊಳ್ಳಲೆಂದು ಬಂದು ನೋಡಿಕೊಂಡು ಹೋದರು. ತಲೆ ಬಿಸಿಯಾಗಿದೆ. ಬರೆದು ಹಾಕದಿದ್ದರೆ ರಾತ್ರಿ ನಿದ್ದೆ ಬರಲ್ಲ.

ಕಾರು ನಿಮಗೆಲ್ಲ ಗೊತ್ತೇ ಇದೆ. 1973ರದ್ದು, ಕೆಂಪು ಬಣ್ಣ, ಟಾಪ್ ಮಡಚುವ ಎರಡು ಸೀಟಿನ ಕಾರು. ಇಂಗ್ಲೆಂಡಿಗೆ ಬಂದ ನಿಮ್ಮಲ್ಲಿ ಎಷ್ಟೋ ಜನರನ್ನು ಅದರಲ್ಲೇ ಕಾಟ್ಸ್‌ವೋಲ್ಡ್ಸ್ ಗುಡ್ಡಗಳನ್ನು ಸುತ್ತಿಸಿದ್ದೇನೆ. ಸೊಂಟದ ಆಪರೇಷನ್ ಆದ ಮೇಲೆ ಅಷ್ಟು ಕೆಳಗೆ ಕೂತು ಏಳಲು ಆಗುತ್ತಿಲ್ಲ, ಅದಕ್ಕೇ ಮಾರಲು ಇಟ್ಟಿದ್ದೇನೆ. ಜಾಹೀರಾತಿನ ಮೊದಲ ಸಾಲಲ್ಲೇ ಬರೆದಿದ್ದೇನೆ, ಇಂಜಿನ್ ಬದಲಾಗಿದೆ, ಬಿಲ್ ಎಲ್ಲ ಇದೆ ಅಂತ.

ಬಂದವರು ಮಾಡಿದ ಮೊದಲ ಕೆಲಸ ಏನು ಗೊತ್ತಾ? ಬಾನೆಟ್ ಎತ್ತಿ, ಇಂಜಿನ್ ಬ್ಲಾಕ್‌ಗೆ ರಿವೆಟ್ ಹೊಡೆದಿರುವ ಸಣ್ಣ ತಗಡಿನ ಮೇಲಿನ ನಂಬರ್ ಓದಿ, ಕಾರು ಕಾರ್ಖಾನೆ ಬಿಟ್ಟಾಗ ಯಾವ ನಂಬರಿನ ಇಂಜಿನ್ ಇತ್ತು ಅಂತ ಹೇಳುವ ಹೆರಿಟೇಜ್ ಸರ್ಟಿಫಿಕೇಟ್ ಜೊತೆ ತಾಳೆ ನೋಡಿದರು. "ಮ್ಯಾಚ್ ಆಗ್ತಿಲ್ಲ, 2,000 ಪೌಂಡ್ ಇಳಿಸಿ" ಅಂದರು. ಕಳ್ಳನನ್ನು ಹಿಡಿದವರ ಹಾಗಿತ್ತು ಅವರ ಮುಖ. ನಾನೇ ಬರೆದು ಹೇಳಿದ್ದನ್ನು ನನಗೇ ಹಿಡಿದು ತೋರಿಸುವುದಾ? ಹೊಟ್ಟೆ ಉರಿಯಿತು.

ಇಂಜಿನ್ ಯಾಕೆ ಬದಲಾಯಿತು ಅಂತ ಅವರು ಕೇಳಲೇ ಇಲ್ಲ. ನಿಮಗೆ ಹೇಳುತ್ತೇನೆ, ಇದುವರೆಗೆ ಯಾರಿಗೂ ಹೇಳಿಲ್ಲ. ತಪ್ಪು ನನ್ನದೇ. ಕಾರು ತಂದ ವರ್ಷವೇ, 2010ರ ಡಿಸೆಂಬರ್‌ನಲ್ಲಿ, ಇಲ್ಲಿ ಭಯಂಕರ ಚಳಿ ಬಿತ್ತು. ನಾನು ದಾವಣಗೆರೆಯವನು. ರೇಡಿಯೇಟರ್‌ಗೆ ಬರೀ ನೀರು ಹಾಕಿಟ್ಟಿದ್ದೆ, ನೀರು ಗಡ್ಡೆಕಟ್ಟದಂತೆ ತಡೆಯುವ ಆಂಟಿಫ್ರೀಜ್ ಹಾಕಿರಲಿಲ್ಲ. ನೀರು ಗಡ್ಡೆಕಟ್ಟಿ ಹಿಗ್ಗಿ ಬ್ಲಾಕ್ ಸೀಳಿಬಿಟ್ಟಿತು. ಅವತ್ತು ಗ್ಯಾರೇಜಿನಲ್ಲಿ ಕೂತು ಅತ್ತಿದ್ದೆ.

ಮುಂದಿನ ಬೇಸಿಗೆಯಲ್ಲಿ ಅದೇ ಜಾತಿಯ, ಅದೇ 1798 ಸಿಸಿ ಇಂಜಿನ್ ತಂದು, ಪೂರ್ತಿ ಬಿಚ್ಚಿಸಿ ಹೊಸದಾಗಿ ಕಟ್ಟಿಸಿದೆ. ಇಲ್ಲಿ 2000ರಿಂದ ಸೀಸದ ಪೆಟ್ರೋಲ್ ಬಂಕ್‌ಗಳಲ್ಲಿ ಸಿಗುವುದು ನಿಂತುಹೋಯಿತು, ಸೀಸ ಇಲ್ಲದ ಪೆಟ್ರೋಲಿಗೆ ಇಂಜಿನ್ನಿನ ಮೇಲ್ಭಾಗದ ಹಳೆಯ ಹೆಡ್‌ನಲ್ಲಿ ವಾಲ್ವ್ ಕೂರುವ ಸೀಟ್ ಸವೆಯುತ್ತದೆ, ಅದಕ್ಕೆ ಗಟ್ಟಿ ಸೀಟ್ ಹಾಕಿಸಿದೆ. ಲಾಗ್‌ಬುಕ್‌ನಲ್ಲಿ, ಅಂದರೆ ಕಾರಿನ ನೋಂದಣಿ ಪತ್ರದಲ್ಲಿ, ಹೊಸ ಇಂಜಿನ್ ನಂಬರ್ ಸೇರಿಸಿದೆ. ಅಂದರೆ ಕಾರು ಮೊದಲಿಗಿಂತ ಚೆನ್ನಾಗಿದೆ. ಅದಕ್ಕೆ 2,000 ಪೌಂಡ್ ಕಡಿಮೆಯಂತೆ!

ನಿಜವಾಗಿ ನೋಡಬೇಕಾದ್ದು ಇಂಜಿನ್ ನಂಬರ್ ಅಲ್ಲ. ಗಟ್ಟಿ ಟಾಪ್ ಇಲ್ಲದ ಕಾರಿನ ಬಲ ಹೆಚ್ಚಾಗಿ ಬಾಗಿಲ ಕೆಳಗೆ ಉದ್ದಕ್ಕೂ ಇರುವ ಸಿಲ್ ಎಂಬ ತಗಡಿನ ಪಟ್ಟಿಯಲ್ಲಿ ಇರುತ್ತದೆ. ಅದು ತುಕ್ಕು ತಿಂದರೆ ನಡು ಜಗ್ಗುತ್ತದೆ, ಜಾಕ್ ಕೊಟ್ಟಾಗ ಬಾಗಿಲು ಹಿಡಿದುಕೊಳ್ಳುತ್ತದೆ. ಇಂಜಿನ್ ಒಂದು ದಿನದಲ್ಲಿ ಇಳಿಸಿ ಏರಿಸಬಹುದು. ಸಿಲ್ ಕತ್ತರಿಸಿ ಬೆಸುಗೆ ಹಾಕಿಸಿ ನೋಡಿ, ಜೇಬು ಖಾಲಿ. ಆ ಮನುಷ್ಯ ಒಂದು ಸಲವಾದರೂ ಬಗ್ಗಿ ಕೆಳಗೆ ಟಾರ್ಚ್ ಬಿಡಲಿಲ್ಲ.

ಜಾಗ್ವಾರ್ ಇ-ಟೈಪ್‌ನಂಥ ದುಬಾರಿ ಹಳೇ ಕಾರಿಗೆ ಮೂಲ ಇಂಜಿನ್ ನಂಬರ್ ಮುಖ್ಯ ಅಲ್ವಾ ಅಂತ ಕೇಳುತ್ತೀರಿ. ಇರಬಹುದು, ಅದನ್ನು ಕೊಳ್ಳುವವರ ಲೆಕ್ಕ ಬೇರೆ. ಎಂಜಿಬಿ 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಜಾಸ್ತಿ ತಯಾರಾದ ಕಾರು, ಜನ ದಿನಾ ಓಡಿಸಲಿ ಅಂತಲೇ ಮಾಡಿದ್ದು. ಆಗ ಕಂಪನಿಯೇ ಗೋಲ್ಡ್ ಸೀಲ್ ಅನ್ನೋ ಹೆಸರಲ್ಲಿ, ಸವೆದ ಇಂಜಿನ್ ವಾಪಸ್ ತಗೊಂಡು ಸರಿಮಾಡಿದ ಇಂಜಿನ್ ಕೊಡುತ್ತಿತ್ತು. ಕಂಪನಿಗೇ ಇಲ್ಲದ ಮಡಿ ಇವರಿಗೆ ಯಾಕೆ?

ನಮ್ಮ ಹಳೇ ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಇಂಜಿನ್ ಕೂಡ ಎಂಜಿಬಿ ಇಂಜಿನ್ನಿನ ಬಿ-ಸೀರೀಸ್ ಮನೆತನದ್ದೇ. ಆ ಸದ್ದಿಗೆ ಮರುಳಾಗಿಯೇ ನಾನು ಎಂಜಿಬಿ ಕೊಂಡಿದ್ದು. ಅಪ್ಪ ತಮ್ಮ ಅಂಬಾಸಿಡರ್ ಇಂಜಿನ್ ಎರಡು ಸಲ ಬೋರ್ ಮಾಡಿಸಿ, ಕೊನೆಗೆ ಬೇರೆಯದನ್ನೇ ಕೂರಿಸಿದ್ದರು. ಮಾರುವಾಗ ಕೊಳ್ಳಲು ಬಂದವರು ಕೇಳಿದ್ದು ಒಂದೇ ಮಾತು, "ಹೊಗೆ ಬರುತ್ತಾ ಸಾಹೇಬ್ರೇ?"

"ಸುಮ್ನೆ ಆ ಮೊದಲ ಸಾಲು ತೆಗೆದುಬಿಡಿ, ಕೇಳಿದರೆ ಹೇಳಿದರಾಯಿತು" ಅನ್ನುತ್ತಾಳೆ ನನ್ನ ಹೆಂಡತಿ. ತೆಗೆಯಲ್ಲ. ಬೆಲೆಯನ್ನೂ ಇಳಿಸಲ್ಲ. ಶನಿವಾರ ಇನ್ನೊಬ್ಬರು ಬರುತ್ತಿದ್ದಾರೆ. ಸಿಲ್ ಹೇಗಿದೆ ಅಂತ ಫೋನಿನಲ್ಲೇ ಕೇಳಿದರು.