ಕೂಸನ್ನು ಪಕ್ಕದಲ್ಲೇ ಮಲಗಿಸಿಕೊಳ್ಳಬಹುದೇ?

ಪರ: ಸೋಫಾಕ್ಕಿಂತ ಹಾಸಿಗೆ ವಾಸಿ

ರಾತ್ರಿ ಮೂರು ಗಂಟೆಗೆ ಕೂಸು ಅಳುತ್ತದೆ. ಹಾಸಿಗೆಯಲ್ಲಿ ಜೊತೆಗೆ ಮಲಗಿಸಿಕೊಳ್ಳಬಾರದು ಎಂದು ತಾಯಿ ಎಲ್ಲೋ ಓದಿದ್ದಾಳೆ. ನಿದ್ದೆ ಬಂದೀತು ಎಂಬ ಭಯಕ್ಕೆ ಎದ್ದು ಹೋಗಿ ಸೋಫಾದಲ್ಲಿ ಕೂತು ಹಾಲೂಡಿಸುತ್ತಾಳೆ. ಹತ್ತೇ ನಿಮಿಷ, ಕತ್ತು ವಾಲಿತು. ಕೂಸು ಈಗ ಮೆತ್ತನೆಯ ಸಂದಿನ ಕಡೆ ಜಾರುತ್ತಿದೆ. ಮೂಗು ಮುಚ್ಚಿಹೋಗಲು ಅಷ್ಟು ಸಾಕು.

ಸೋಫಾದಲ್ಲಿ ಕೂಸಿನ ಜೊತೆ ನಿದ್ದೆ ಹೋಗುವುದು ತುಂಬಾ ಅಪಾಯ ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ಒಟ್ಟಿಗೆ ಮಲಗುವುದನ್ನು ಒಪ್ಪದ, ಅಮೆರಿಕದ ಮಕ್ಕಳ ಡಾಕ್ಟರುಗಳ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಕೂಡ ಹೇಳುವುದು ಇದನ್ನೇ: ಹಾಲೂಡಿಸುವಾಗ ಕಣ್ಣು ಮುಚ್ಚಿಹೋಗುವ ಸಾಧ್ಯತೆ ಇದ್ದರೆ ಸೋಫಾಕ್ಕಿಂತ ಹಾಸಿಗೆಯೇ ಮೇಲು. ಬರೀ 'ಬೇಡ' ಅಂದರೆ ಜನ ಬಿಡುವುದಿಲ್ಲ. ಡಾಕ್ಟರ್ ಹತ್ತಿರ ಮುಚ್ಚಿಡುತ್ತಾರೆ, ಅಷ್ಟೇ. ಮುಚ್ಚಿಟ್ಟವರಿಗೆ ಹುಷಾರಾಗಿ ಮಾಡುವುದು ಹೇಗೆ ಎಂದು ಹೇಳಿಕೊಡುವವರು ಯಾರು?

ಮಾನವಶಾಸ್ತ್ರಜ್ಞ ಜೇಮ್ಸ್ ಮೆಕೆನ್ನಾ ಮಲಗಿದ್ದ ತಾಯಿ-ಕೂಸುಗಳನ್ನು ರಾತ್ರಿಯಿಡೀ ಗಮನಿಸಿದವರು. ಎದೆಹಾಲು ಕೊಡುವ ತಾಯಿ ಯಾರೂ ಹೇಳದಿದ್ದರೂ ಒಂದು ಮಗ್ಗುಲಾಗಿ, ಕೂಸಿನ ಸುತ್ತ ಬಾಗಿ ಮಲಗುತ್ತಾಳೆ. ಮೊಣಕಾಲು ಕೂಸಿನ ಪಾದದ ಕೆಳಗೆ, ತೋಳು ತಲೆಯ ಮೇಲ್ಗಡೆ. ಕೂಸು ದಿಂಬಿನ ಕಡೆಗೂ ಹೋಗದು, ಹೊದಿಕೆಯೊಳಗೂ ಜಾರದು. ಇಬ್ಬರದ್ದೂ ಹಗುರ ನಿದ್ದೆ, ಆಗಾಗ ಎಚ್ಚರ.

ಬ್ರಿಟನ್ನಿನ ಅಂಕಿಅಂಶ ನೋಡಿದ 2014ರ ಅಧ್ಯಯನವೊಂದಕ್ಕೆ, ಸಿಗರೇಟು, ಮದ್ಯ, ಸೋಫಾ ಈ ಮೂರನ್ನು ತೆಗೆದ ಮೇಲೆ, ಒಟ್ಟಿಗೆ ಮಲಗುವುದರಿಂದ ಹಠಾತ್ ಸಾವಿನ, ಅಂದರೆ ಕಾರಣ ತಿಳಿಯದೆ ಕೂಸು ನಿದ್ದೆಯಲ್ಲೇ ಸಾಯುವ, ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಹಾಗಾದರೆ ಮಾಡಬೇಕಾದ್ದು ಸ್ಪಷ್ಟ. ಗಟ್ಟಿ ಹಾಸಿಗೆ ಇರಲಿ, ಕೂಸಿನ ಹತ್ತಿರ ದಿಂಬು, ಭಾರದ ಹೊದಿಕೆ ಬೇಡ. ಗೋಡೆಗೂ ಮಂಚಕ್ಕೂ ನಡುವೆ ಸಂದು ಬಿಡಬೇಡಿ. ಕೂಸು ಅಂಗಾತ ಮಲಗಲಿ. ಸಿಗರೇಟು ಸೇದುವವರು, ಕುಡಿದವರು, ನಿದ್ದೆ ಬರಿಸುವ ಔಷಧಿ ತಗೊಂಡವರು ದೂರ ಇರಲಿ. 37 ವಾರ ತುಂಬುವ ಮುಂಚೆ ಹುಟ್ಟಿದ ಕೂಸಿಗೂ, 2.5 ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಕೂಸಿಗೂ ಇದು ಬೇಡವೇ ಬೇಡ.

ವಿರೋಧ: ಪಟ್ಟಿ ನೋಡುವವರು ಯಾರು?

ಮೇಲಿನ ಷರತ್ತುಗಳನ್ನು ಇನ್ನೊಮ್ಮೆ ಓದಿ. ಒಂದು ರಾತ್ರಿಯೂ ಒಂದೂ ತಪ್ಪಬಾರದು. ನೋಡಿಕೊಳ್ಳಬೇಕಾದವರು ವಾರಗಟ್ಟಲೆ ನಿದ್ದೆಗೆಟ್ಟವರು. ಹೊದಿಕೆ ಮಧ್ಯರಾತ್ರಿ ಎಲ್ಲಿ ಸರಿಯಿತು ಎಂದು ಯಾರಿಗೆ ಗೊತ್ತು? ಮೆಕೆನ್ನಾ ಕಂಡದ್ದು ಎದೆಹಾಲು ಕೊಡುವ ತಾಯಂದಿರನ್ನು. ಪಕ್ಕದಲ್ಲಿ ಮಲಗಿದ ಅಪ್ಪನೋ ಮೂರು ವರ್ಷದ ಅಕ್ಕನೋ ಹಾಗೆ ಬಾಗಿ ಮಲಗುತ್ತಾರೆ ಅಂತ ಯಾರೂ ಹೇಳಿಲ್ಲ.

ಇನ್ನು ಸಂಖ್ಯೆ. 2013ರಲ್ಲಿ ಐದು ಅಧ್ಯಯನಗಳ ಮಾಹಿತಿ ಒಟ್ಟುಮಾಡಿ ನೋಡಿದಾಗ, ಸಿಗರೇಟು, ಮದ್ಯ ಯಾವುದೂ ಇಲ್ಲದ, ಎದೆಹಾಲು ಕುಡಿಯುವ ಕೂಸುಗಳಲ್ಲೂ ಮೊದಲ ಮೂರು ತಿಂಗಳು ಹಠಾತ್ ಸಾವಿನ ಅಪಾಯ ಐದು ಪಟ್ಟು ಕಂಡಿತು. ಅದರಲ್ಲಿ ಕೆಲವು ಮಾಹಿತಿ ಅಂದಾಜಿನಿಂದ ತುಂಬಿದ್ದು ಎಂಬ ಟೀಕೆ ಇದೆ, ನ್ಯಾಯವಾದ ಟೀಕೆಯೇ. ಅಪಾಯ ತೀರಾ ಚಿಕ್ಕದು ಎನ್ನುವುದೂ ನಿಜ: ಆ ಲೆಕ್ಕದಲ್ಲೇ, ಮೂರು ತಿಂಗಳಷ್ಟೇ ಅಲ್ಲದೆ ಮೊದಲ ವರ್ಷವಿಡೀ ನೋಡಿದರೆ, ಲಕ್ಷ ಕೂಸುಗಳಿಗೆ ಸುಮಾರು 8 ಸಾವು ಇದ್ದದ್ದು 23 ಆಗುತ್ತದೆ. ಆದರೆ ಆ ಹದಿನೈದು ಕೂಸುಗಳ ಅಪ್ಪ ಅಮ್ಮಂದಿರೂ ಎಚ್ಚರದಿಂದ ಇದ್ದವರೇ, ಅಲ್ವಾ?

ಮೂರು ತಿಂಗಳ ಒಳಗಿನ ಕೂಸಿಗೆ ಮುಖ ಮುಚ್ಚಿದರೆ ತಪ್ಪಿಸಿಕೊಳ್ಳುವಷ್ಟು ಕತ್ತಿನ ಬಲ ಇರುವುದಿಲ್ಲ. ತಾನೇ ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಅಳುವುದಿಲ್ಲ. ಪಕ್ಕದಲ್ಲಿದ್ದರೆ ಗೊತ್ತಾಗೇ ಆಗುತ್ತದೆ ಎಂಬ ನಂಬಿಕೆ ಕೈಕೊಡುವುದು ಇಲ್ಲೇ.

'ಎಲ್ಲರೂ ಹೀಗೇ ಬೆಳೆದವರು' ಎನ್ನುತ್ತಾರೆ. ಒಂದು ಕಾಲಕ್ಕೆ ಡಾಕ್ಟರುಗಳೇ ಬೋರಲು ಮಲಗಿಸಿ ಎನ್ನುತ್ತಿದ್ದರು. ಹಾಗೂ ಬಹುಪಾಲು ಕೂಸುಗಳು ಚೆನ್ನಾಗೇ ಬೆಳೆದವು. ಅಮೆರಿಕದಲ್ಲಿ 1994ರಿಂದ ಅಂಗಾತ ಮಲಗಿಸಿ ಎಂದು ಪ್ರಚಾರ ಮಾಡಿದ ಮೇಲೆ ಹಠಾತ್ ಸಾವುಗಳು ಅರ್ಧಕ್ಕಿಂತ ಕೆಳಗಿಳಿದವು.

ಬೇರೆ ಕೋಣೆಗೆ ಕಳಿಸಿ ಎಂದು ಯಾರೂ ಹೇಳುತ್ತಿಲ್ಲ. ಕನಿಷ್ಠ ಆರು ತಿಂಗಳು ಅದೇ ಕೋಣೆಯಲ್ಲಿ, ಕೈಗೆಟುಕುವಷ್ಟು ಹತ್ತಿರ, ಗಟ್ಟಿ ತಳದ ಪುಟ್ಟ ಮಂಚ ಸಾಕು. ಹಾಲೂಡಿಸುತ್ತಾ ನಿದ್ದೆ ಹೋದಿರೋ, ಆಗುವಂಥದ್ದೇ. ಎಚ್ಚರವಾದ ಕೂಡಲೇ ಕೂಸನ್ನು ಅದಕ್ಕೆ ಸರಿಸಿ, ಮತ್ತೆ ಮಲಗಿ.